ಎಣಿಕೆ ನಿಂತ ಪರದೆ

ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವನಿಗೆ ಪೆನ್‌ಡ್ರೈವಣ್ಣ ಎಂದೇ ಹೆಸರು. ಬೈಕಿನ ಕೀಲಿಗೊಂಚಲಿನಲ್ಲಿ ಸದಾ ಒಂದು ಪೆನ್‌ಡ್ರೈವ್ ನೇತಾಡುತ್ತಿರುತ್ತದೆ. ಮೇಲೇಳದ ಕಂಪ್ಯೂಟರನ್ನು ಎಬ್ಬಿಸುವ ಲಿನಕ್ಸ್ ಅದರಲ್ಲಿದೆ. ಯಂತ್ರ ಕೆಟ್ಟಾಗ ಅಣ್ಣಾ ಅಣ್ಣಾ ಎನ್ನುವ ಜನ, ಸರಿಯಿದ್ದಾಗ ಕೂರಲು ಕುರ್ಚಿ ಕೊಡುವುದೂ ಅನುಮಾನ.

ರಿಪೋರ್ಟ್ ಕಂಪ್ಯೂಟರಿನ ಲಿನಕ್ಸಿಗೆ ನಿನ್ನೆ ಹೊಸ ಕರ್ನಲ್, ಅಂದರೆ ಅದರ ತಿರುಳು, ಹಾಕಿದವನು ಅವನೇ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುತ್ತದೆ ಅನ್ನುತ್ತಾರೆ. ಇಲ್ಲಿ ಹಳೆಯವು ಡಿಸ್ಕಿನಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ, ಹೊಸದು ಅರ್ಧಕ್ಕೇ ನಿಂತಿತ್ತು. ಅವನು ಅದನ್ನು ನೋಡದೆ ಮನೆಗೆ ಹೋಗಿದ್ದ. ಬೆಳಿಗ್ಗೆ ಬಂದರೆ ಕಪ್ಪು ಪರದೆ. ಮಾಡಿದ್ದುಣ್ಣೋ ಮಹಾರಾಯ.

ನಿನ್ನೆಯ ಸ್ಕ್ಯಾನ್‌ಗಳೆಲ್ಲ ಅದರೊಳಗಿದ್ದವು. ಒಂದು ಅವನ ಅಕ್ಕನದು. ಅಮ್ಮ ಹೋದ ಮೇಲೆ ದಿನಾ ಅವನ ತಲೆ ಬಾಚಿ ಶಾಲೆಗೆ ಕಳಿಸಿದ ಅಕ್ಕ. ಅವಳ ಹೊಟ್ಟೆಯ ಕ್ಯಾನ್ಸರ್ ಅಲ್ಲಿಗೇ ನಿಂತಿದೆಯೋ, ಹರಡಿದೆಯೋ ಎಂದು ಡಾಕ್ಟರು ಇವತ್ತು ನೋಡಿ ಹೇಳಬೇಕಿತ್ತು. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಅಣ್ಣಾ, ಇನ್ನೂ ಎಷ್ಟೊತ್ತು? ಎಲ್ಲರೂ ನನ್ನ ತಲೆ ತಿಂತಿದ್ದಾರೆ," ಎಂದಳು ಕೌಂಟರಿನ ಹುಡುಗಿ.

"ಆಗುತ್ತೆ."

ಪೆನ್‌ಡ್ರೈವ್ ಚುಚ್ಚಿ ಒಳಹೊಕ್ಕ. ಹಳೆಯ ಕರ್ನಲ್‌ಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆದ, ಹೊಸದನ್ನು ಪೂರ್ತಿ ಕೂರಿಸಿದ, ಯಂತ್ರವನ್ನು ಎಬ್ಬಿಸುವ ಬೂಟ್ ಲೋಡರನ್ನು ಮತ್ತೆ ಬರೆದ. ಕೆಲಸವನ್ನೆಲ್ಲ ಬೆರಳುಗಳೇ ಮಾಡುತ್ತಿದ್ದವು. ಅವನಿಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಎದೆ ಮರಗಟ್ಟಿತ್ತು.

ಮತ್ತೆ ಚಾಲೂ ಮಾಡಿದಾಗ ಬೂಟ್ ಲೋಡರಿನ ಪಟ್ಟಿ ಬಂತು, ಕೆಳಗೆ ಸೆಕೆಂಡುಗಳು ಇಳಿಯತೊಡಗಿದವು. ಅವು ಮುಗಿದರೆ ಯಂತ್ರ ತಾನೇ ಏಳುತ್ತದೆ, ಅಕ್ಕನ ಸ್ಕ್ಯಾನೂ ತೆರೆಯುತ್ತದೆ. ನಡುವೆ ಬಾಣದ ಗುಂಡಿ ಮುಟ್ಟಿದರೆ ಎಣಿಕೆ ನಿಂತು, ಎಂಟರ್ ಒತ್ತುವ ತನಕ ಹಾಗೇ ಕಾಯುತ್ತದೆ. ಅವನು ಬಾಣದ ಗುಂಡಿ ಮುಟ್ಟಿದ. ಎಣಿಕೆ ನಿಂತಿತು. ಕೈ ಮಡಿಚಿ ಸುಮ್ಮನೆ ಕೂತ.

"ಆಯ್ತೇನೋ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಇನ್ನೂ ಇಲ್ಲಕ್ಕ."

ಕೆಲಸದ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದು ಅದೇ ಮೊದಲು. ಅಕ್ಕ ಪರದೆ ನೋಡಿದಳು, ಅವನ ಮುಖ ನೋಡಿದಳು.

"ನನ್ನ ಪಕ್ಕದಲ್ಲಿ ಒಬ್ಬಳು ಕೂತಿದ್ದಾಳೆ. ಮಗುವಿನ ರಿಪೋರ್ಟಂತೆ. ಬೆಳಗಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಕಣೋ ಪಾಪ. ಬೇಗ ಮಾಡು."

ಹಣೆಗೆ ಬಿದ್ದಿದ್ದ ಅವನ ಕೂದಲನ್ನು ಬೆರಳಿನಿಂದಲೇ ಹಿಂದಕ್ಕೆ ಬಾಚಿ, ಹೋಗಿ ಬೆಂಚಿನ ಮೇಲೆ ಕೂತಳು.

ಆಗ ಅವನಿಗೆ ಹೆದರಿಕೆಯಾಯಿತು. ಎಂಟರ್ ಒತ್ತಿದ.