ಇಮಾಲಿ ಖಾಲಿ ಮಾಡಿಸಿದ ಮನೆ

ನನಗೆ ಅರಳುಮರುಳು ಎಂದು ಮೊನ್ನೆ ಸಂತೆಯಲ್ಲಿ ನಕ್ಕಿರಲ್ಲ, ಮೊದಲು ನಿಮಗೇ ಹೇಳುತ್ತೇನೆ. ಆ ದಿನ ನೀವೆಲ್ಲಿದ್ದಿರಿ? ಬೇಲಿಯಾಚೆ ನಿಂತು ಕತ್ತು ಉದ್ದ ಮಾಡುತ್ತಿದ್ದಿರಿ. ನಾನು ಮನೆಯೊಳಗಿದ್ದೆ. ನೈರೋಬಿಯ ಹುಡುಗ ಕೂತಿದ್ದ ಕುರ್ಚಿ ನನ್ನದು, ಅವನನ್ನು ಎಬ್ಬಿಸಿದವನೂ ನಾನೇ. ಅದನ್ನು ಮರೆಯುತ್ತಾರೆಯೇ? ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು ಕೇಳಿ. ಇದು ನನ್ನ ಕಥೆಯಲ್ಲ, ಇಮಾಲಿಯದು.

ಇವತ್ತಿನ ಬೆಳಗನ್ನೇ ನೋಡಿ. ಮರಾಗೋಲಿ ಬೆಟ್ಟದ ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಮಂಜಿನಲ್ಲಿ ಒಂದು ಸೋಫಾ ನಡೆದು ಬರುತ್ತಿದೆ. ಅದರ ಕೆಳಗೆ ಎರಡು ಜೊತೆ ಕಾಲು. ಗಂಬೂಟು ಹಾಕಿಕೊಂಡ ಇಮಾಲಿ ದಾರಿಗೆ ಅಡ್ಡ ನಿಂತಿದ್ದಾಳೆ.

“ಎಲ್ಲಿಗೆ ಹೊರಟಿತು ಸವಾರಿ?”

“ರಿಪೇರಿಗೆ ಅಕ್ಕಾ,” ಎಂದು ಸೋಫಾದ ಕೆಳಗಿನಿಂದ ಉತ್ತರ ಬರುತ್ತದೆ.

“ಬಡಗಿ ಮನೆ ಆ ಕಡೆ. ಈ ಕಡೆ ಇರೋದು ಸ್ಕಾಲರ್‌ಶಿಪ್ ಕೇಳಿರೋ ಹುಡುಗನ ಮನೆ. ಇವತ್ತು ಅಲ್ಲಿಗೆ ನೈರೋಬಿಯವರು ಬರ್ತಾರೆ. ನನಗೇನು ಕಣ್ಣಿಲ್ವಾ? ತಿರುಗಿಸ್ರೋ!”

ಸೋಫಾ ಗೊಣಗುತ್ತ ಹಿಂದಕ್ಕೆ ತಿರುಗುತ್ತದೆ.

ಇಮಾಲಿ ನಮ್ಮೂರಿನ ಲಿಗುರು. ಊರಿನ ಹಿರಿಯಳು ಅಂದುಕೊಳ್ಳಿ. ಬೇಲಿ ಜಗಳ, ಹುಟ್ಟು, ಸಾವು, ತಪ್ಪಿಸಿಕೊಂಡ ದನ, ಎಲ್ಲದಕ್ಕೂ ಅವಳನ್ನೇ ಕರೆಯುತ್ತಾರೆ. ಸಂಬಳವಿಲ್ಲ. “ಮತ್ತೆ ಏನು ಸಿಗುತ್ತೆ ನಿನಗೆ?” ಎಂದು ಕೇಳಿದರೆ, “ಮಳೆಗಾಲದಲ್ಲಿ ನೆಗಡಿ,” ಎನ್ನುತ್ತಾಳೆ. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ಕಾಲೇಜಿನ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ಕಾಲ ಬಂದರೆ ಅವಳಿಗೆ ಕೂರಲು ಪುರುಸೊತ್ತಿಲ್ಲ. ಮಗು ತನ್ನ ಬಗ್ಗೆ ಪ್ರಬಂಧ ಬರೆಯಬೇಕು, ಹೆಡ್‌ಮಾಸ್ತರರು ಒಳ್ಳೆಯ ಮಾತು ಬರೆಯಬೇಕು, ಈ ಮಗು ನಮ್ಮೂರಿನದೇ ಎಂದು ಇಮಾಲಿ ಹೇಳಬೇಕು. ಇಷ್ಟೆಲ್ಲ ಆದ ಮೇಲೆ ಒಬ್ಬರು ಬಂದು, ಮನೆಯಲ್ಲಿ ನಿಜಕ್ಕೂ ಬಡತನವಿದೆಯೇ ಎಂದು ಕಣ್ಣಾರೆ ನೋಡಿ ಹೋಗುತ್ತಾರೆ. ಎಷ್ಟೋ ಅರ್ಜಿ ಮುಗ್ಗರಿಸುವುದು ಇಲ್ಲೇ. ಮನೆಗೆ ಹೊಸಬರು ಬರುತ್ತಾರೆ ಎಂದರೆ ಬರಿ ನೆಲ ತೋರಿಸುವ ಹೆಂಗಸು ನಮ್ಮ ಬೆಟ್ಟದಲ್ಲಿ ಹುಟ್ಟಿಲ್ಲ. ಅಕ್ಕಪಕ್ಕದ ಮನೆಗಳಿಂದ ಕುರ್ಚಿ ಬರುತ್ತದೆ, ಅದಕ್ಕೆ ಹೊದಿಸುವ ಕಸೂತಿ ಬಟ್ಟೆ ಬರುತ್ತದೆ, ಪಿಂಗಾಣಿ ಲೋಟ ಬರುತ್ತದೆ. ಕೇಳಿದರೆ ಇಲ್ಲವೆನ್ನುವವರಿಲ್ಲ.

ಎರಡು ವರ್ಷದ ಹಿಂದೆ ಕಗೆಹ ಮಾಡಿದ್ದೂ ಅದನ್ನೇ. ಕಗೆಹ ಗೊತ್ತಲ್ಲ, ಕೂಡುರಸ್ತೆಯಲ್ಲಿ ಬಾಳೆಹಣ್ಣು ಮಾರುವವಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಇದ್ದದ್ದು ಮಗಳು ಮಿನಾಯೋ ಒಬ್ಬಳೇ. ಹುಡುಗಿ ಚುರುಕು. ಬೇಲಿಗಳು ರಾತ್ರೋರಾತ್ರಿ ಪಕ್ಕದ ಹೊಲಕ್ಕೆ ಸರಿಯುವ ಊರು ನಮ್ಮದು, ಅದಕ್ಕೇ ನಾನು ಭೂಮಿ ಅಳೆಯುವ ವಿದ್ಯೆ ಓದಬೇಕು ಎಂದು ಪ್ರಬಂಧ ಬರೆದಿದ್ದಳು. ಸಾವಿರಾರು ಅರ್ಜಿಯಲ್ಲಿ ಅವಳದು ಮುಂದೆ ಬಂತು. ಉಳಿದಿದ್ದು ಮನೆ ನೋಡುವುದೊಂದೇ. ಅದೂ ಆಗಿಬಿಟ್ಟರೆ ಕಾಲೇಜು, ಇಲ್ಲವಾದರೆ ತಾಯಿಯ ಪಕ್ಕದಲ್ಲಿ ಬಾಳೆಗೊನೆ.

ನೈರೋಬಿಯಿಂದ ಬಂದವನು ಕಿಬೆಟ್ ಎಂಬ ಹುಡುಗ. ಒಳಗೆ ಕಾಲಿಟ್ಟ. ನನ್ನ ಕೈಕುರ್ಚಿ, ಮೇಲೆ ಬಿಳಿ ಬಟ್ಟೆ. ಗೋಡೆಯಲ್ಲಿ ದೊಡ್ಡ ಗಡಿಯಾರ. ಮೇಜಿನ ಮೇಲೆ ಹೂವಿನ ಚಿತ್ರದ ಫ್ಲಾಸ್ಕು. ಮೆಕ್ಕೆಜೋಳದ ಮುದ್ದೆ, ಕೋಳಿ ಸಾರು. ಕಗೆಹ ನೆಲಕ್ಕೆ ಬಗ್ಗಿ ಅವನ ಕೈಗೆ ನೀರು ಹಾಕಿದಳು. ಅವಳ ಮುಖದಲ್ಲಿ ಏನು ಕಳೆ! ಕಿಬೆಟ್ ಮಾತ್ರ ಇಮಾಲಿಯನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದ:

“ಅಮ್ಮಾ, ಇವರಿಗಿಂತ ಕಷ್ಟದಲ್ಲಿರೋರು ತುಂಬಾ ಜನ ಇದ್ದಾರೆ. ನಾನು ಕಂಡಿದ್ದನ್ನ ತಾನೇ ಬರೀಬೇಕು?”

“ಊಟ ಆರುತ್ತೆ, ಕೂತ್ಕೊಳ್ಳಪ್ಪ,” ಎಂದ ಇಮಾಲಿ ಸರಸರನೆ ಹೊರಟು ನನ್ನ ಅಂಗಳಕ್ಕೂ ಬಂದಳು.

“ಅಜ್ಜಾ, ನಿಮ್ಮ ಕುರ್ಚಿ ಬೇಕಾ?”

“ಬೇಡ ಕಣೆ, ಇರ್ಲಿ. ಸಂಜೆ ತಂದ್ಕೊಡ್ತಾರೆ.”

“ಬೇಕು ನಿಮಗೆ. ಈಗ್ಲೇ ಬೇಕು. ಸೊಂಟ ನೋವು ಅಂತ ಹೇಳಿ. ಏಳಿ ಮೇಲೆ!”

ನನಗಿಂತ ಮುಂಚೆ ಅವಳು ಬೇರೆ ಮನೆಗಳಿಗೂ ಹೋಗಿ ಬಂದಿದ್ದಳು. ನಾನು ತಲುಪುವಷ್ಟರಲ್ಲಿ ಫ್ಲಾಸ್ಕಿನ ಯಜಮಾನಿ, “ನಮ್ಮನೇಗೂ ನೆಂಟರು ಬಂದ್ಬಿಟ್ರು, ಮಿನಾಯೋ ಅಮ್ಮಾ, ಏನೂ ಅಂದ್ಕೋಬೇಡ,” ಎನ್ನುತ್ತ ಫ್ಲಾಸ್ಕು ಎತ್ತಿಕೊಂಡಿದ್ದಳು. ಗಡಿಯಾರದವನು ಸ್ಟೂಲು ಹತ್ತಿದ. ಸ್ಟೂಲಿನವಳು ಅವನು ಇಳಿಯುವುದನ್ನೇ ಕಾಯುತ್ತಿದ್ದಳು. ಬೆಂಚು ಹೋಯಿತು. ಮೇಜಿನವರು ಬಂದಾಗ ಕಿಬೆಟ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ನಾನು.

“ಸ್ವಲ್ಪ ಎದ್ದೇಳಪ್ಪ, ನನ್ನ ಸೊಂಟ ನನ್ನ ಮಾತು ಕೇಳ್ತಿಲ್ಲ.”

ಅವನು ಎದ್ದ. ತಟ್ಟೆಯ ಒಡತಿ ಬಾಗಿಲಲ್ಲೇ ನಿಂತು, “ನೀನು ತಿನ್ನು ಮಗಾ, ನಂಗೇನೂ ಅವಸರ ಇಲ್ಲ,” ಎಂದಳು. ಬೇಲಿಯಾಚೆ ನೀವೆಲ್ಲ ಕಿಸಕ್ಕನೆ ನಕ್ಕಿದ್ದು ಆಗಲೇ.

ಬರಿ ಮಣ್ಣಿನ ಮನೆ ಉಳಿಯಿತು. ಕಗೆಹ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕಿಬೆಟ್ ನಗಲಿಲ್ಲ. ಮಿನಾಯೋಳನ್ನು ನೋಡಿ ಕೇಳಿದ: “ಹಾಗಾದ್ರೆ ಇಲ್ಲಿ ನಿಮ್ದು ಅಂತ ಇದ್ದಿದ್ದು ಏನಮ್ಮಾ?”

ಹುಡುಗಿ ತಲೆಯೆತ್ತಿ ಹೇಳಿದಳು: “ಕೋಳಿ, ಅಣ್ಣಾ. ಅದನ್ನೇ ನೀವು ತಿಂತಾ ಇರೋದು.”

ಅವನ ಕೈ ಅಲ್ಲೇ ನಿಂತಿತು. ಕಗೆಹ ಗೋಡೆಯ ಕಡೆಯಿಂದಲೇ, “ತಿನ್ನಪ್ಪ. ಅದು ನಿಂಗೇ ಅಂತ ಮಾಡಿದ್ದು,” ಎಂದಳು. ಅವನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮೂಳೆಯೂ ಬಿಡದಂತೆ ತಿಂದ.

ಮಿನಾಯೋಗೆ ಸ್ಕಾಲರ್‌ಶಿಪ್ ಸಿಕ್ಕಿತು. ಈಗ ಎರಡನೆಯ ವರ್ಷದಲ್ಲಿದ್ದಾಳೆ. ಕಗೆಹ ಮಾತ್ರ ಅಂದಿನಿಂದ ಇಮಾಲಿಯ ಜೊತೆ ಮಾತಾಡಿಲ್ಲ. ನೀರಿಗೆ ಹೋಗುವಾಗ ಇಮಾಲಿ ಎದುರಾದರೆ ಬಂಡೆ ಸುತ್ತಿಕೊಂಡು ಹೋಗುತ್ತಾಳೆ.

ನನಗೊಂದು ಕುತೂಹಲ ಇತ್ತು. ಇವತ್ತು ಆ ಸೋಫಾ ತಿರುಗಿ ಹೋದ ಮೇಲೆ ಕೇಳಿಯೇಬಿಟ್ಟೆ: “ಎಲ್ಲಾ ಎರವಲು ತಂದಿದ್ದು ಅಂತ ಅವನ ಕಿವೀಲಿ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲೇ?”

“ನಾನು ಹೇಳಿದ್ರೆ ಅದು ಚಾಡಿ ಅಜ್ಜಾ. ಅವನು ನಂಬಬೇಕಲ್ಲ? ಕಷ್ಟ ಹೇಳ್ಕೊಳ್ಳೋರನ್ನ ಅವನು ದಿನಾ ನೋಡ್ತಾನೆ.” ಗಂಬೂಟಿನ ಕೆಸರನ್ನು ಕಲ್ಲಿಗೆ ಒರೆಸಿದಳು. “ಅವಳಿಗೆ ಅವಮಾನ ಆಗೋ ಹಾಗೆ ಮಾಡಿದೆ. ಗೊತ್ತಿದ್ದೇ ಮಾಡಿದೆ. ನಾಳೆ ಅಂಥದ್ದೇ ಬಂದ್ರೂ ಮಾಡ್ತೀನಿ. ಹುಡುಗಿ ಕಾಲೇಜಿಗೆ ಹೋದ್ಲಲ್ಲ.”

“ಮತ್ತೆ ಕಗೆಹ?”

“ಕ್ಷಮಿಸು ಅಂತ ಕೇಳಲ್ಲ. ಒಂದ್ಸಲ ನನ್ನ ಅಂಗಳಕ್ಕೆ ಬಂದು ಬಾಯ್ತುಂಬಾ ಬೈದು ಹೋಗ್ಲಿ. ಎದುರು ಕೂತು ಕೇಳ್ತೀನಿ. ಅಷ್ಟು ಸಾಕು ನಂಗೆ.”

ಇಷ್ಟು ಹೇಳಿ ಮುಂದಿನ ಮನೆಗೆ ಹೊರಟುಹೋದಳು.

ಈಗ ನಿಮ್ಮ ಕೆಲಸ. ನಾನು ಕಳಿಸಿದರೆ ಕಗೆಹ ಕೇಳುವುದಿಲ್ಲ, ಕುರ್ಚಿ ಹೊತ್ತುಕೊಂಡು ಹೋದ ಪಾಪಿ ನಾನು. ನೀವು ಈ ರೆಕಾರ್ಡಿಂಗನ್ನು ಫೋನಿನಿಂದ ಫೋನಿಗೆ ದಾಟಿಸಿ. ಕೂಡುರಸ್ತೆಯಲ್ಲಿ ಬಾಳೆಹಣ್ಣು ಕೊಳ್ಳುವವರು ಯಾರಾದರೂ ಅವಳ ಮುಂದೆ ನಿಂತು ಜೋರಾಗಿ ಹಾಕಿ. ಹಣ್ಣು ಬಿಟ್ಟು ಎಲ್ಲಿಗೂ ಏಳಲಾರಳು, ಕೊನೆತನಕ ಕೇಳಿಯೇ ಕೇಳುತ್ತಾಳೆ. ಇಮಾಲಿ ಸಂಜೆ ಹೊತ್ತು ಮನೆಯಲ್ಲೇ ಇರುತ್ತಾಳೆ ಎಂದೂ ಹೇಳಿ.