ನಲವತ್ತೊಂಬತ್ತರಲ್ಲಿ ನಿಂತವನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ಆಮೇಲೆ ನೀವೇ ಕಂಡುಹಿಡಿದೆವೆಂದು ಬೀಗುವುದು ಬೇಡ. ಒಂದು ಟೆಸ್ಟ್ ಪಂದ್ಯದಲ್ಲಿ, ಎರಡನೆಯ ಓವರಿನಲ್ಲೇ ಸೊನ್ನೆಗೆ ಔಟಾಗಿ ಹೋದ ಒಬ್ಬ ಬ್ಯಾಟುಗಾರನನ್ನು ನಾನು ಊಟದ ವಿರಾಮದವರೆಗೂ ಆಡಿಸಿದ್ದೇನೆ. ಅವನಿದ್ದದ್ದು ಬೊಂಬಾಯಿಯಲ್ಲಿ. ನಾನಿದ್ದದ್ದು ಮದ್ರಾಸಿನ ಪಲ್ಲಾವರಂನಲ್ಲಿ, ನಮ್ಮ ಮನೆಯ ಜಗಲಿಯಲ್ಲಿ, ರೇಡಿಯೊ ಪಕ್ಕದ ಸ್ಟೂಲಿನ ಮೇಲೆ. ಅವನು ಪೆವಿಲಿಯನ್ನಿನಲ್ಲಿ ಕೂತು ಕಾಲಿನ ಪ್ಯಾಡು ಬಿಚ್ಚುತ್ತಿದ್ದಾಗ ನಾನು ಅವನ ಕೈಯಿಂದ ಬೌಂಡರಿ ಹೊಡೆಸುತ್ತಿದ್ದೆ. ಅವನ ಹೆಸರು ಇಲ್ಲಿ ಬೇಡ. ಅವನಿಗೆ ನಾನು ಮಾಡಿದ್ದೇ ಸಾಕು.

ಇದು ನೆನಪಾದದ್ದು ಮೊನ್ನೆ ಶುಕ್ರವಾರದ ಸಂತೆಯಲ್ಲಿ. ಸುವರ್ಣಗೆಡ್ಡೆ ಮಾರುವ ಒಬ್ಬಾತ ಟ್ರಾನ್ಸಿಸ್ಟರನ್ನು ಕೆನ್ನೆಗೆ ಒತ್ತಿಕೊಂಡು, ಹಲ್ಲುನೋವಿನವನ ಹಾಗೆ ತಲೆ ವಾಲಿಸಿ ಕೂತಿದ್ದ. ಸುತ್ತ ಏಳೆಂಟು ಜನ. ಒಳಗಿನವನು ಕ್ರಿಕೆಟ್ ವಿವರಣೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಇವನು ಕಣ್ಣು ಮುಚ್ಚಿಕೊಂಡು ತಮಿಳಿನಲ್ಲಿ ಹೇಳುತ್ತಿದ್ದ. ನಾನು ಗೆಡ್ಡೆ ಆರಿಸುವ ನೆಪದಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟೆ. ಒಳಗಿನವನು ವಾಕ್ಯ ಮುಗಿಸುವ ಮೊದಲೇ ಇವನ ತಮಿಳು ಮುಗಿದಿರುತ್ತಿತ್ತು. ಹಾವಿನ ಹೆಜ್ಜೆ ಹಾವಿಗೇ ಗೊತ್ತು ಅನ್ನುತ್ತಾರಲ್ಲ, ನನಗೆ ಗೊತ್ತಾಗಿಹೋಯಿತು. ಈ ಮಹಾರಾಯನಿಗೆ ಇಂಗ್ಲಿಷಿನ ಒಂದಕ್ಷರವೂ ಬರುವುದಿಲ್ಲ. ನನ್ನ ಕಸುಬಿನವನೇ.

ನಮ್ಮ ಮನೆಗೆ ರೇಡಿಯೊ ಬಂದಾಗ ನನಗೆ ಹದಿನೇಳು. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿದ್ದ ಅಪ್ಪಯ್ಯ ಅದನ್ನು ಕೂಲಿಯ ತಲೆಯ ಮೇಲೆ ಹೊರಿಸಿಕೊಂಡು, ಪಕ್ಕದಲ್ಲಿ ತಾವೂ ಒಂದು ಕೈ ಆಸರೆ ಕೊಟ್ಟುಕೊಂಡು, ಮದುಮಗಳನ್ನು ಕರೆತರುವ ಹಾಗೆ ತಂದರು. ಸ್ವಿಚ್ಚು ಹಾಕಿದರೆ ತಕ್ಷಣ ಮಾತಾಡುವ ಜಾತಿಯಲ್ಲ ಅದು. ಒಳಗಿನ ವಾಲ್ವುಗಳು ಕೆಂಪಗಾಗಿ, ಬಿಸಿ ಧೂಳಿನ ವಾಸನೆ ಬಂದು, ಆಮೇಲೆ ದೊಡ್ಡ ಮನುಷ್ಯರ ಹಾಗೆ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿತ್ತು. ನಮ್ಮ ಮನೆಯ ಹಿಂದೆಯೇ ಲೋಕಲ್ ರೈಲಿನ ಹಳಿ. ರೈಲು ಹೋದಾಗಲೆಲ್ಲ ರೇಡಿಯೊ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟಿಸುತ್ತಿತ್ತು. ಸುದ್ದಿ ಕೇಳುವವರಿಗೆ ಅದು ಶಾಪ. ನನ್ನಂಥವನಿಗೆ ಅದು ವರ, ಯಾಕೆಂದರೆ ಆ ಅರ್ಧ ನಿಮಿಷದಲ್ಲಿ ಬೊಂಬಾಯಿಯಲ್ಲಿ ಏನು ಬೇಕಾದರೂ ನಡೆದಿರಬಹುದು.

ನಾನು ಅಣಕಿಸುವವನು. ಹುಟ್ಟುಗುಣ. ಸೊಪ್ಪಿನವಳ ಕೂಗು, ಮೇಷ್ಟರ ನಶ್ಯದ ಸೀನು, ಅಪ್ಪಯ್ಯ ಸಂಬಳದ ದಿನ ಬಾಗಿಲು ತಟ್ಟುವ ರೀತಿ, ಬೇರೆ ದಿನ ತಟ್ಟುವ ರೀತಿ, ಎಲ್ಲವನ್ನೂ ತೆಗೆದು ತೋರಿಸುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ, ಇಂಗ್ಲಿಷ್ ಪರೀಕ್ಷೆಯಲ್ಲಿ ನಪಾಸಾದ ದಿನ ನಾನು ಮನೆಗೆ ಹೇಗೆ ಬಂದೆ ಎಂಬುದನ್ನು ಮನೆಯವರಿಗೆ ಮರುದಿನ ನಾನೇ ಆಡಿ ತೋರಿಸಿದ್ದೆ. ಹೌದು, ಇಂಗ್ಲಿಷಿನಲ್ಲಿ ಎರಡು ಸಲ ನಪಾಸು. ಆದರೆ ಕ್ರಿಕೆಟ್ ವಿವರಣೆಯ ಇಂಗ್ಲಿಷ್ ಇದೆಯಲ್ಲ, ಅದರ ಅರ್ಥ ತಿಳಿಯದಿದ್ದರೂ ರಾಗ ನನಗೆ ಪೂರ್ತಿ ಬಾಯಿಪಾಠವಾಗಿತ್ತು. ಮೆಲ್ಲಗೆ ಶುರುವಾಗಿ, ಬೌಲರು ಓಡಿಬರುತ್ತಿದ್ದಂತೆ ಏರಿ, ಕೊನೆಗೆ ಒಂದು ನಿಟ್ಟುಸಿರು. ಫೋರ್, ಸಿಕ್ಸ್, ಔಟ್, ಲಂಚ್, ಇಷ್ಟು ಪದ ಮತ್ತು ಅಂಕಿಗಳು ಅರ್ಥವಾಗುತ್ತಿದ್ದವು. ಅಷ್ಟು ಬಂಡವಾಳದಿಂದ ನಾನು ಮನೆಯ ಅಧಿಕೃತ ಭಾಷಾಂತರಕಾರನಾದೆ.

ನನ್ನ ಶ್ರೋತೃ ಒಬ್ಬರೇ, ನಮ್ಮಜ್ಜಿ. ಕುಂದಾಪುರದ ಕಡೆಯವರು, ಮದ್ರಾಸಿಗೆ ಬಂದು ಹತ್ತು ವರ್ಷವಾದರೂ ತಮಿಳಿನಲ್ಲಿ 'ವೇಂಡಾಂ', ಬೇಡ, ಎಂಬ ಒಂದು ಮಾತನ್ನು ಮಾತ್ರ ಕಲಿತು, ಅದರಿಂದಲೇ ಇಡೀ ಬೀದಿಯ ವ್ಯಾಪಾರಿಗಳನ್ನು ಆಳುತ್ತಿದ್ದರು. ರೇಡಿಯೊಗೆ ಮಡಿಯಿಲ್ಲವೆಂದು ಅಜ್ಜಿ ಅದರ ಹತ್ತಿರ ಬರುತ್ತಿರಲಿಲ್ಲ. ನಡುಮನೆಯ ಹೊಸ್ತಿಲಾಚೆ ಮಣೆ ಹಾಕಿಕೊಂಡು, ಜಪಮಣಿ ಹಿಡಿದು ಕೂರುತ್ತಿದ್ದರು. ಮಂತ್ರ ತುಟಿಯಲ್ಲಿ, ಕಿವಿ ಬೊಂಬಾಯಿಯಲ್ಲಿ.

"ಅಲ್ಲ ಮಾಣಿ, ಒಬ್ಬನನ್ನು ಹಿಡಿಲಿಕ್ಕೆ ಹನ್ನೊಂದು ಜನವಾ? ಇದು ಯಾವ ಸೀಮೆ ನ್ಯಾಯ?"

"ಇನ್ನೊಬ್ಬ ಇದ್ದಾನೆ ಅಜ್ಜಿ, ಎದುರು ಬದಿಯಲ್ಲಿ."

"ಅವ ಎಂತ ಮಾಡ್ತಾನೆ?"

"ನೋಡ್ತಾ ನಿಂತಿರ್ತಾನೆ."

"ನಿನ್ನ ಅಪ್ಪಯ್ಯನ ಹಾಗೆ," ಅಂದರು ಅಜ್ಜಿ, ಮಣಿ ಒಂದು ಸರಿಸಿ.

ಮಾಣಿ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಹುಡುಗ, ನಾನು. ಆ ಮನೆಯಲ್ಲಿ ಮಾಣಿ ಎಂದರೆ ನಾನೊಬ್ಬನೇ, ಹದಿನೇಳು ವರ್ಷಗಳಿಂದ. ಆದರೆ ಸುಳ್ಳು ಹೇಳುವವನ ಕಷ್ಟ ನೋಡಿ, ಅವನ ಸುಳ್ಳಿಗೇ ಅವನಿಗಿಂತ ಹೆಚ್ಚು ಮರ್ಯಾದೆ ಸಿಕ್ಕಿಬಿಡುತ್ತದೆ. ನಮ್ಮ ತಂಡದಲ್ಲಿ ಹೊಸದಾಗಿ ಬಂದ ಒಬ್ಬ ಆಟಗಾರನಿದ್ದ. ಅವನ ಬಗ್ಗೆ ನಾನು ಬಾಯಿಗೆ ಬಂದದ್ದನ್ನೆಲ್ಲ ಸೇರಿಸುತ್ತಿದ್ದೆ. ಅಂಗಿಯ ತೋಳಿಗೆ ಮಣಿಕಟ್ಟಿನ ತನಕ ಗುಂಡಿ ಹಾಕಿರುತ್ತಾನೆ, ಮೈದಾನಕ್ಕೆ ಇಳಿಯುವಾಗ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ, ಎದುರು ಪಂಗಡದವರಿಗೂ ಕೈ ಮುಗಿಯುತ್ತಾನೆ. ಅಜ್ಜಿ ಅವನನ್ನು 'ಕ್ರಿಕೆಟಿನ ಮಾಣಿ' ಎಂದು ಕರೆಯತೊಡಗಿದರು. ಕೆಲವೇ ವಾರಗಳಲ್ಲಿ 'ಕ್ರಿಕೆಟಿನ' ಉದುರಿಹೋಯಿತು. "ಮಾಣಿಗೆ ಈಗ ಹೇಗುಂಟು?" ಎಂದು ಅಜ್ಜಿ ಕೇಳಿದರೆ, ಜ್ವರ ಬಂದು ಮಲಗಿದ್ದ ನಾನು "ಸ್ವಲ್ಪ ವಾಸಿ" ಅಂದೆ. "ನಿನ್ನನ್ನಲ್ಲ," ಅಂದರು.

ಆ ಹುಡುಗ ಒಂದರ ಹಿಂದೊಂದು ಎರಡು ಪಂದ್ಯಗಳಲ್ಲಿ ಬೇಗ ಔಟಾದ. ಇದೊಂದು ಸಲ ಆಡದಿದ್ದರೆ ಅವನನ್ನು ತಂಡದಿಂದ ತೆಗೆಯುತ್ತಾರೆಂದು ಪತ್ರಿಕೆಯಲ್ಲಿ ಬಂದಿತ್ತು. ಇದು ನಿಜವಾದ ಸುದ್ದಿ. ನನಗೆ ತಿಳಿದ ಒಂದೇ ಒಂದು ನಿಜವನ್ನು ನಾನು ಅಜ್ಜಿಗೆ ಹೇಳಿದೆ. ಅದರಿಂದಲೇ ಕೆಟ್ಟೆ.

ಅಂದು ದ್ವಾದಶಿ. ಹಿಂದಿನ ದಿನ ಏಕಾದಶಿಗೆ ಅಜ್ಜಿ ಹನಿ ನೀರನ್ನೂ ಮುಟ್ಟಿರಲಿಲ್ಲ. ದ್ವಾದಶಿಯ ಬೆಳಿಗ್ಗೆ ಬೇಗನೆ ಪಾರಣೆ ಮಾಡಿ ಉಪವಾಸ ಮುರಿಯುವುದು ಪದ್ಧತಿ. ಅಮ್ಮ ಸೂರ್ಯ ಹುಟ್ಟುವ ಮೊದಲೇ ಅಡುಗೆ ಮುಗಿಸಿ ಎಲೆ ಹಾಕಿದ್ದರು. ನಾನು ಎಂದಿನಂತೆ ಹೊತ್ತೇರುವ ತನಕ ಮಲಗಿದ್ದು, ಎದ್ದವನೇ ರೇಡಿಯೊದ ಕಿವಿ ಹಿಂಡಿ ಕೂತೆ. ಮನೆಯಲ್ಲಿ ಯಾರು ಉಂಡರು, ಯಾರು ಇಲ್ಲ ಎಂದು ನೋಡುವ ಕಣ್ಣು ನನಗೆ ಆಗ ಇರಲಿಲ್ಲ. ಈಗಲೂ ಅಷ್ಟಕ್ಕಷ್ಟೆ.

ಎರಡನೆಯ ಓವರಿನಲ್ಲಿ ರೇಡಿಯೊ 'ಔಟ್' ಅಂದಿತು. ಅವನ ಹೆಸರನ್ನೂ ಹೇಳಿತು. ಜನ ಹೋ ಅಂದರು. ನಾನು ತಿರುಗಿ ನೋಡಿದೆ. ಹೊಸ್ತಿಲಾಚೆ ಅಜ್ಜಿ ಎರಡು ಕೈಯಲ್ಲೂ ಜಪಮಣಿ ಹಿಡಿದು ಮುಂದಕ್ಕೆ ಬಾಗಿದ್ದರು.

"ಎಂತ ಆಯ್ತು? ಯಾಕೆ ಕೂಗಿದ್ರು?"

ಆ ಮುಖಕ್ಕೆ ಔಟ್ ಎಂದು ಹೇಳುವುದು ಹೇಗೆ? "ಇನ್ನೊಬ್ಬ ಔಟು ಅಜ್ಜಿ. ನಿಮ್ಮ ಮಾಣಿ ಇದ್ದಾನೆ," ಅಂದೆ.

ಶುರುವಾದದ್ದು ಹೀಗೆ, ಕರುಣೆಯಿಂದ. ಆಮೇಲೆ ಕರುಣೆ ಹೋಗಿ ಕೈಚಳಕ ಬಂತು. ಒಂದು ರೈಲು ಹೋದರೆ ನಾಲ್ಕು ರನ್, ಗೂಡ್ಸ್ ಗಾಡಿಯಾದರೆ ಎಂಟು. ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ಒಂದು ಸಲ ವಿಮಾನವೂ ಹೋಯಿತು, ಸಿಕ್ಸರ್ ಕೊಟ್ಟೆ. ಹೊತ್ತು ಏರಿದಂತೆ ಮಾಣಿ ನಲವತ್ತಕ್ಕೆ ಬಂದ, ನಲವತ್ತೈದಕ್ಕೆ ಬಂದ. ಅಜ್ಜಿ ಜಪ ಬಿಟ್ಟು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ನಲವತ್ತೊಂಬತ್ತಾಯಿತು.

ಅಲ್ಲಿ ನನ್ನೊಳಗಿನ ಹಳೆಯ ಮಾಣಿ ಎದ್ದು ಕೂತ. ಮೊಮ್ಮಗ ನಾನು, ಇವನ ಒಂದು ರನ್ನಿಗೆ ನಮ್ಮಜ್ಜಿ ಹೀಗೆ ಉಸಿರು ಹಿಡಿಯುವುದೇ? ಇರಲಿ, ಸ್ವಲ್ಪ ಕಾಯಲಿ ಅಂದುಕೊಂಡೆ. ಬೌಲರನ ಬೂಟಿನ ದಾರ ಬಿಚ್ಚಿತು, ಕಟ್ಟಿಕೊಳ್ಳಲು ಐದು ನಿಮಿಷ. ಮೈದಾನಕ್ಕೆ ನಾಯಿ ಬಂತು, ಓಡಿಸಿದರು, ಅದರ ಮರಿ ಬಂತು. ಅಂಪೈರ್ ಎಸೆತ ಎಣಿಸುತ್ತಿದ್ದ ಕಲ್ಲು ಕಳೆದುಹೋಯಿತು, ಎಲ್ಲರೂ ಹುಡುಕಿದರು. ಮಾಣಿ ಚೆಂಡನ್ನು ತಡೆದ, ಬಿಟ್ಟ, ಮತ್ತೆ ತಡೆದ. ಪ್ರತಿ ಎಸೆತಕ್ಕೂ ಅಜ್ಜಿ ಮಣೆಯಿಂದ ಒಂದಂಗುಲ ಏಳುವರು, ಮತ್ತೆ ಕೂರುವರು. ನನಗೆ ಪರಮಾನಂದ. ಹೀಗೆ ಮುಕ್ಕಾಲು ಗಂಟೆ ನಿಲ್ಲಿಸಿದೆ. ಅಷ್ಟರಲ್ಲಿ ರೇಡಿಯೊ 'ಲಂಚ್' ಅಂದು, ವೀಣೆ ನುಡಿಸತೊಡಗಿತು.

"ಈಗ ಮಾಣಿ ಉಣ್ಲಿಕ್ಕೆ ಹೋದನಾ?"

"ಹೌದು ಅಜ್ಜಿ."

"ಉಣ್ಲಿ, ಉಣ್ಲಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದಾನೆ, ಪಾಪ." ಅವರ ಸ್ವರ ಸ್ವಲ್ಪ ಸಣ್ಣದಾಗಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ತಂಗಿ ಶಾಂತಿ ಮೂಲೆಯಲ್ಲಿ ಕೂತಿದ್ದಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. "ಅಣ್ಣಾ, ಪಾಟಿ ಇನ್ನುಂ ಸಾಪಿಡಲೆ," ಅಂದಳು. ಅಜ್ಜಿ ಇನ್ನೂ ಉಂಡಿಲ್ಲ. ಬಾಳೆಲೆ ಹಾಗೆಯೇ ಮಗುಚಿ ಮುಚ್ಚಿತ್ತು. ಎರಡನೆಯ ಸಲ ಅನ್ನಕ್ಕಿಟ್ಟಿದ್ದ ಅಮ್ಮ ಒಲೆಯ ಮುಂದಿನಿಂದ ತಿರುಗದೆ ಹೇಳಿದರು: "ಎರಡು ಚಮಚ ತೀರ್ಥ ತಕೊಂಡು ಪಾರಣೆ ಆಯ್ತು ಅಂದ್ರು. ಆ ಹುಡುಗ ಐವತ್ತು ಹೊಡೆದ ಮೇಲೆಯೇ ಅನ್ನವಂತೆ. ದೇವರ ಮುಂದೆ ಹೇಳಿಕೊಂಡಿದ್ದಾರೆ. ಎಷ್ಟಾಗಿದೆಯೋ ಅವನದ್ದು?"

ನಲವತ್ತೊಂಬತ್ತಾಗಿತ್ತು. ಎಪ್ಪತ್ತೆರಡು ವರ್ಷದ ಮುದುಕಿ, ಒಂದೂವರೆ ದಿನದ ಹಸಿವು, ಮತ್ತು ನಾನು ನಾಯಿಮರಿ ಓಡಿಸುತ್ತ ಕೂತವನು. ಜಗಲಿಗೆ ಓಡಿಬಂದೆ.

"ಅಜ್ಜಿ, ಹೇಳಲಿಕ್ಕೆ ಮರೆತೆ. ಊಟಕ್ಕೆ ಹೋಗುವ ಮುಂಚೆ ಅವನು ಇನ್ನೊಂದು ರನ್ ಹೊಡೆದ. ಐವತ್ತಾಯಿತು."

ಅಜ್ಜಿ ಒಂದು ಕಣ್ಣು ತೆರೆದರು. "ವೀಣೆ ಬಾರಿಸುವಾಗ ರನ್ ಆಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ? ನನಗೆ ಹಸಿವಾಗ್ತದೆ ಅಂತ ಸುಳ್ಳು ಹೇಳ್ಬೇಡ ಮಾಣಿ. ಅವ ಬಂದು ಹೊಡೀಲಿ. ಕಾಯ್ತೇನೆ."

ಆಟದ ನಿಯಮಗಳನ್ನು ಕಲಿಸಿದವನಿಗೆ ಬಂದ ಗುರುದಕ್ಷಿಣೆ ಇದು. ವೀಣೆಯವರು ಮುಗಿಸುವ ಲಕ್ಷಣ ಕಾಣಲಿಲ್ಲ.

ಆಗಲೇ ಗಾರ್ಡ್ ಮಾಮ ಬಂದರು. ಪಕ್ಕದ ಮನೆಯ ರಾಮರಾಯರು, ಮೈಸೂರಿನ ಕಡೆಯವರು, ರೈಲ್ವೆ ಗಾರ್ಡಾಗಿ ನಿವೃತ್ತರು. ಮನೆಯಲ್ಲೂ ತಾವು ಹಸಿರು ಬಾವುಟ ತೋರಿಸದೆ ಯಾರನ್ನೂ ಕದಲಗೊಡದ ಮನುಷ್ಯ. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಅವರ ಮನೆಯಲ್ಲೂ ರೇಡಿಯೊ ಇತ್ತು. ನಾನು ಬಾಗಿಲಿಗೆ ಅಡ್ಡ ನಿಂತು ಕಣ್ಣು, ಹುಬ್ಬು, ಕೈ ಎಲ್ಲದರಲ್ಲೂ ಕೆಂಪು ಬಾವುಟ ತೋರಿಸಿದೆ. ಎದುರಿಗಿದ್ದವರು ಗಾರ್ಡು, ಡ್ರೈವರಲ್ಲ.

"ಏನಮ್ಮಾ, ಕೇಳಿದ್ರಾ ನಿಮ್ಮ ಹುಡುಗನ ಗತಿ? ಬೆಳಿಗ್ಗೆ ಎರಡನೇ ಓವರಿಗೇ ಸೊನ್ನೆ ಸುತ್ತಿಕೊಂಡು ಹೋದ್ನಲ್ಲ."

ಅಮ್ಮ ಸೌಟು ಹಿಡಿದು ಬಾಗಿಲಿಗೆ ಬಂದರು. ನಾನು ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ: ರೈಲು, ವಿಮಾನ, ಬೂಟಿನ ದಾರ, ಎರಡೂ ನಾಯಿ. ನನ್ನ ಸ್ವಂತ ಸ್ವರದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅದು ಯಾರದೋ ಅಣಕದ ಹಾಗೆ ಕೇಳಿಸಿತು.

ಅಜ್ಜಿ ಲೆಕ್ಕಕ್ಕೆ ಮಡಿಸಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಕೇಳಿದರು: "ಹಾಗಾದ್ರೆ ಅವ ಈಗ ಎಲ್ಲಿದ್ದಾನೆ?"

"ಒಳಗೆ ಕೂತಿದ್ದಾನೆ."

"ಉಂಡಿದ್ದಾನಾ?"

"ಉಂಡಿರಬೇಕು, ಅಜ್ಜಿ."

ಅಮ್ಮ ಹರಕೆಯ ವಿಷಯ ತಿಳಿಸಿದ ಮೇಲೆ ಗಾರ್ಡ್ ಮಾಮನಿಗೂ ಕಷ್ಟವಾಯಿತು. ಆದರೆ ನಿಯಮ ನಿಯಮವೇ. "ಹರಕೆ ಅಂದ್ಮೇಲೆ ಹರಕೆ ನೋಡಿಮ್ಮಾ," ಅಂದರು ಗಂಟಲು ಸರಿಮಾಡಿಕೊಂಡು. "ಎರಡನೇ ಇನ್ನಿಂಗ್ಸ್ ಇದೆ, ನಾಡಿದ್ದು. ಅಲ್ಲೀವರೆಗೂ ಹಾಲು ಹಣ್ಣು ತಗೋಬಹುದೇನೋ. ಅಲ್ಲೂ ಅವನು ಐವತ್ತು ಹೊಡೀದೇ ಇದ್ರೆ, ಮುಂದಿನ ಪಂದ್ಯಕ್ಕೆ ಅವನನ್ನ ಇಟ್ಕೊಂಡಿರ್ತಾರೋ ಇಲ್ವೋ."

ತಂಡದಿಂದ ತೆಗೆದುಬಿಟ್ಟರೆ ನಮ್ಮಜ್ಜಿ ಜನ್ಮದಲ್ಲಿ ಅನ್ನ ಮುಟ್ಟುವ ಹಾಗಿಲ್ಲ. ಅಜ್ಜಿ ಜಪಮಣಿಯನ್ನು ಚೀಲಕ್ಕೆ ಹಾಕಿ, ಚೀಲದ ದಾರ ಎಳೆದು, ಬಾಯಿ ತೆರೆದರು.

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ನಲವತ್ತೊಂಬತ್ತರಲ್ಲಿ ನಿಲ್ಲಿಸುವ ಚಟ ನನಗೆ ಇನ್ನೂ ಬಿಟ್ಟಿಲ್ಲ.

ಅಜ್ಜಿಗೆ ಈಗ ಎಂಬತ್ತು ದಾಟಿದೆ. ನಾನು ಮೂರನೆಯ ಸಲಕ್ಕೆ ಇಂಗ್ಲಿಷ್ ಪಾಸಾಗಿ, ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಕಾಗದ ಬರೆಯುತ್ತೇನೆ. ರೇಡಿಯೊ ಹೇಳುವುದು ಈಗ ಪೂರ್ತಿ ಅರ್ಥವಾಗುತ್ತದೆ, ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾಲ್ಕು ಓವರ್ ಆಗುವಷ್ಟರಲ್ಲಿ ಅವರಿಗೆ ನಿದ್ದೆ. ಹೋದ ತಿಂಗಳು ಅಂದರು, "ಮೊದಲು ಆಟಕ್ಕೆ ನಾಯಿ ಎಲ್ಲ ಬರ್ತಿತ್ತು. ಈಗ ಎಂತದೂ ಇಲ್ಲ."

ಮೊನ್ನೆ ಸಂತೆಯಲ್ಲಿ ಗೆಡ್ಡೆಯವನು ಕಣ್ಣು ಬಿಟ್ಟು ನನ್ನ ಕಡೆ ನೋಡಿದ. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಇವನಿಗೆ ಇಂಗ್ಲಿಷ್ ಬರುತ್ತದೆಂದು ಅವನಿಗೆ ಗೊತ್ತಾಯಿತು. ಸುತ್ತಲಿನವರೂ ನನ್ನತ್ತ ತಿರುಗಿ, "ಸರಿಯಾ ಸಾರ್?" ಅಂದರು. ಟ್ರಾನ್ಸಿಸ್ಟರ್ ಆಗ ಮಳೆಯಿಂದ ಆಟ ನಿಂತಿದೆ ಎಂದು ಹೇಳುತ್ತಿತ್ತು. ಅವನ ಬ್ಯಾಟುಗಾರ ಎಪ್ಪತ್ತೆರಡರಲ್ಲಿ ಆಡುತ್ತಿದ್ದ. "ಸರಿಯಾಗೇ ಹೇಳ್ತಿದ್ದಾರೆ," ಅಂದು ಎರಡು ಗೆಡ್ಡೆ ಹೆಚ್ಚಿಗೆ ಕೊಂಡು ಬಂದೆ. ಹಿಡಿದುಕೊಡುವ ಮನಸ್ಸಾಗಲಿಲ್ಲ. ಕೇಳುತ್ತ ನಿಂತವರ ಪೈಕಿ ಯಾರು ಏನು ಹರಕೆ ಹೊತ್ತುಕೊಂಡು ಬಂದಿದ್ದಾರೋ ಯಾರಿಗೆ ಗೊತ್ತು.

ಅಂದು ಅಜ್ಜಿ ಮೊದಲು ನೋಡಿದ್ದು ಗಾರ್ಡ್ ಮಾಮನನ್ನು, ಆಮೇಲೆ ನನ್ನನ್ನು. ಹೇಳಿದ್ದು ಇಷ್ಟು:

"ಗಾರ್ಡರೇ, ನಾನು ಹರಕೆ ಹೇಳಿಕೊಂಡದ್ದು ಬೊಂಬಾಯಿಯಲ್ಲಿ ಇರುವವನಿಗಲ್ಲ, ಇವನ ಬಾಯಲ್ಲಿ ಬ್ಯಾಟು ಹಿಡಿದು ನಿಂತವನಿಗೆ. ಮಾಣಿ, ಅವನ ಕೈಯಿಂದ ಬೇಗ ಒಂದು ರನ್ ಹೊಡೆಸು, ಅನ್ನ ಆರ್ತದೆ."