ಪೆಟ್ಟಿಗೆಯ ತೂಕ

ಕಂಪ್ಲಿಯಲ್ಲಿ ನಮ್ಮ ಸೋದರತ್ತೆಯ ಗಂಡನಿಗೆ ಅಕ್ಕಿ ಮಿಲ್ಲಿದೆ. ಅಲ್ಲಿ ಭತ್ತ ತೂಗಿದ ಮೇಲೆ ಚೀಲದ ತೂಕ ಕಳೆಯುವುದು ಅವರಪ್ಪನ ಕಾಲದ ರೂಢಿ. ರೈತ ಭತ್ತ ಮಾರುತ್ತಾನೆಯೇ ಹೊರತು ಚೀಲವನ್ನಲ್ಲ. ಬರಿದಾದ ಚೀಲ ಅವನಿಗೇ ವಾಪಸ್ಸು. ಹೀಗಾಗಿ, ವಿಮಾನಕ್ಕೆ ಒಯ್ಯುವ ಒಂದೊಂದು ಸಾಮಾನಿಗೂ ಹದಿನೈದು ಕೇಜಿ ಮಿತಿ ಎಂದು ನಾನು ಹೇಳಿದಾಗ, ಮಾವ ಅತ್ತೆಯ ತಗಡಿನ ಪೆಟ್ಟಿಗೆಯನ್ನು ಮಿಲ್ಲಿನ ಕಾಟಾದ ಮೇಲಿಟ್ಟು, ಪೆಟ್ಟಿಗೆಯ ತೂಕ ಕಳೆದು, “ಸರಿಯಾಗೈತಿ, ಹೊಂಡ್ರಿ” ಎಂದುಬಿಟ್ಟರು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅನ್ನ ತಿಂದ ಮನೆಯ ಲೆಕ್ಕ ಅದು.

ಪೆಟ್ಟಿಗೆಯಲ್ಲಿದ್ದದ್ದು ಕುಬಸದ, ಅಂದರೆ ಸೀಮಂತದ, ಬುತ್ತಿ. ಅತ್ತೆಯ ಮಗಳಿಗೆ ಹೈದರಾಬಾದಿನಲ್ಲಿ ಏಳು ತಿಂಗಳು ತುಂಬಿತ್ತು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರೇ ಅವಳ ಬಳಿಗೆ ಹೊರಟಿತ್ತು. ಶೇಂಗಾ ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಎಲ್ಲ ಒಂದೇ ಬಿಳಿ ಬಟ್ಟೆಯ ಗಂಟು; ಅದರ ಜೊತೆ ಮಗಳಿಗೆ ಕೊಡುವ ಸೀರೆ, ಖಣ. ಆ ಗಂಟನ್ನು ಬಸುರಿಯೇ ಬಿಚ್ಚಬೇಕು. ದಾರಿಯಲ್ಲಿ ಬಿಚ್ಚಿದರೆ ಅದು ಬುತ್ತಿಯಲ್ಲ, ಬರೀ ತಿಂಡಿ.

ಸಂಡೂರಿನ ದಾರಿಯಲ್ಲಿರುವ ಆ ಸಣ್ಣ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಬ್ಬ ಟೈ ಕಟ್ಟಿದ ಯುವಕ ನಿಂತಿದ್ದ. ಮಾತು ನಮ್ಮ ಕಡೆಯದೇ.

“ಅಮ್ಮಾರ, ನಾಕು ಕೇಜಿ ಜಾಸ್ತಿ ಐತ್ರಿ. ಫೀ ಕಟ್ರಿ.”

“ಪೆಟಗಿ ತೂಕ ಕಳದಿ ಏನಪಾ?” ಎಂದಳು ಅತ್ತೆ.

“ಪೆಟಗಿ ಯಾರು ಕಳೀತಾರ್ರಿ? ಇದೇನು ಅಕ್ಕಿ ಮಿಲ್ಲಾ?” ಎಂದು ನಕ್ಕು, ಪಕ್ಕದವನಿಗೂ ಕಣ್ಣು ಹೊಡೆದ.

ಅವನು ಹೇಳಿದ ಫೀ ಕೇಳಿ ನಾನು ಟಿಕೇಟು ತೆಗೆದು ತೋರಿಸಿದೆ. ಅದರಲ್ಲಿ ಇಂಧನದ ಹೆಸರಿನಲ್ಲಿ ಆಗಲೇ ಬೇರೆ ವಸೂಲಿ ಮಾಡಿದ್ದರು. ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.

“ಹೊಸಪೇಟಿ ಬಸ್ಸಿನ್ಯಾಗ ಯಾರೂ ಡೀಜಲ್ ರೊಕ್ಕ ಬ್ಯಾರೆ ಕೇಳಂಗಿಲ್ಲ. ಎಣ್ಣಿ ನಾವು ಹಾಕಿಸೀವಿ ಅಂದಮ್ಯಾಲೆ ಬಂಡಿ ನಮ್ದು. ನಮ್ಮ ಬಂಡ್ಯಾಗ ನಮ್ಮ ಬುತ್ತಿ ಭಾರ ಆತೇನು?”

ಸಾಲಿನಲ್ಲಿದ್ದವರು ನಕ್ಕರು. ಅವನಿಗೆ ಅದು ನಾಟಿತು. “ಕಟ್ರಿ, ಇಲ್ಲಾಂದ್ರ ತಿಂಡಿ ತಗದು ಅಲ್ಲಿ ಕಸದ ಡಬ್ಬಿ ಐತಿ, ಹಾಕ್ರಿ. ಹಿಂದಿನವ್ರಿಗೆ ದಾರಿ ಬಿಡ್ರಿ,” ಎಂದವನೇ ಈಚೆ ಬಂದು, ಪೆಟ್ಟಿಗೆಯನ್ನು ಕೆಳಗಿಳಿಸಿ ಬೂಟುಗಾಲಿನಿಂದ ಪಕ್ಕಕ್ಕೆ ತಳ್ಳಿದ.

ಕುಬಸದ ಬುತ್ತಿಗೆ ಕಾಲು. ನನ್ನ ಕೈ ಅವನ ಟೈಯತ್ತ ಹೋಗಿತ್ತು. ಅತ್ತೆ ನನ್ನ ರಟ್ಟೆ ಹಿಡಿದಳು.

“ಕಾಲು ತಾಗಿದ್ದು ಪೆಟಗಿಗೆ, ಬುತ್ತಿಗಲ್ಲ. ತಡಿ.”

ನೆಲದ ಮೇಲೆ ಕೂತು ಪೆಟ್ಟಿಗೆ ತೆರೆದಳು. ತಳಕ್ಕೆ ಹಾಸಿದ್ದ ಮಾವನ ದಪ್ಪ ಧೋತರ ತೆಗೆದು ನೆಲಕ್ಕೆ ಹರಡಿ, ಬಿಳಿ ಗಂಟನ್ನು ಬಿಚ್ಚದೆ ಅದರ ನಡುವೆ ಇಟ್ಟು, ಸುತ್ತ ಸೀರೆ ಖಣಗಳನ್ನು ಒತ್ತಿ, ಧೋತರದಿಂದ ಎಲ್ಲವನ್ನೂ ಸುತ್ತಿ, ಮಿಲ್ಲಿನಲ್ಲಿ ಚೀಲ ಬಿಗಿಯುವ ಹಾಗೆ ಪೆಟ್ಟಿಗೆಗೆ ಕಟ್ಟಿದ್ದ ಹಗ್ಗದಿಂದ ಬಿಗಿದಳು. ಆ ಧೋತರದ ಗಂಟನ್ನು ನಾನು ಕಾಟಾದ ಮೇಲಿಟ್ಟೆ. ಹದಿನೈದಕ್ಕೂ ಒಂಚೂರು ಕಡಿಮೆಯೇ. ಮಾವನ ತೂಕ ಸುಳ್ಳಾಗಿರಲಿಲ್ಲ.

“ಗಂಟು ನಡಿಯಂಗಿಲ್ರಿ,” ಎಂದ ಅವನು. ಅಷ್ಟರಲ್ಲಿ ಗಲಾಟೆ ಕೇಳಿ ಬಂದ ಅವನ ಮೇಲಧಿಕಾರಿ ಹಗ್ಗವನ್ನು ಎಳೆದು ನೋಡಿ, “ಗಟ್ಟಿ ಐತಿ, ಕಳಸು,” ಎಂದರು.

“ಖಾಲಿ ಪೆಟಗಿ ಇವ್ನ ಹತ್ರ ಇರ್ಲಿರಿ ಸಾಹೇಬ್ರ,” ಎಂದಳು ಅತ್ತೆ. “ಸೋಮವಾರ ವಾಪಸ್ ಬರ್ತೀನಿ. ಚೀಲ ವಾಪಸ್ ಕೊಡೋದು ನಮ್ಮ ಕಡೆ ರೂಢಿ ಐತ್ರಿ.” ಅವರು ನಗು ತಡೆದುಕೊಂಡು ಆಗಲಿ ಎಂದರು.

ಬುತ್ತಿ ತಲುಪಿತು. ಮಗಳು ತನ್ನ ಕೈಯಿಂದಲೇ ಗಂಟು ಬಿಚ್ಚಿದಳು. ಹೋಳಿಗೆಗಳು ಒಂದೆರಡು ಮುರಿದಿದ್ದವು, ಅಷ್ಟೆ. ಹಾಡು, ಆರತಿ ಎಲ್ಲ ಆಯಿತು. ನನಗೆ ಮಾತ್ರ ಆ ಬೂಟು ಕಣ್ಣಿಂದ ಹೋಗಲಿಲ್ಲ. ಉಣ್ಣುವಾಗಲೂ ಅವನಿಗೆ ಏನು ಮಾಡಬೇಕೆಂದೇ ಯೋಚಿಸುತ್ತಿದ್ದೆ. ದೂರು ಕೊಡಲೇ ಎಂದು ಕೇಳಿದರೆ ಅತ್ತೆ, “ಸುಮ್ನ ಉಣ್ಣು” ಎಂದಳು.

ಸೋಮವಾರ ಇಳಿದ ಕೂಡಲೇ ಬಾಗಿಲ ಕಾವಲಿನವನ ಕೈಲಿ ಹೇಳಿಕಳಿಸಿದಳು. ಪೆಟ್ಟಿಗೆಯನ್ನು ಟ್ರಾಲಿಯ ಮೇಲಿಟ್ಟು ತಳ್ಳುತ್ತಾ ಆ ಟೈಯವನೇ ಬಂದ.

“ಟ್ರಾಲಿ ಬ್ಯಾಡಪಾ. ಕಾಲಿಲೆ ತಳ್ಳಿದ್ದನ್ನ ಕೈಲೆ ಎತ್ತಿ ಕೊಡು.”

ಅವನು ಸುತ್ತ ನೋಡಿದ. ಮೇಲಧಿಕಾರಿ ಬಾಗಿಲಲ್ಲೇ ನಿಂತಿದ್ದರು. ಎರಡೂ ಕೈಗಳಿಂದ ಪೆಟ್ಟಿಗೆ ಎತ್ತಿ, ಎದೆಗೆ ಒತ್ತಿ ಹಿಡಿದು, ಬಿಸಿಲಿನಲ್ಲಿ ನಮ್ಮ ಕಾರಿನವರೆಗೂ ನಡೆದ. ಡಿಕ್ಕಿ ತೆರೆಯಲು ಅತ್ತೆ ಅವಸರ ಮಾಡಲಿಲ್ಲ. ಟೈಯ ತುದಿ ಪೆಟ್ಟಿಗೆಯ ಚಿಲಕಕ್ಕೆ ಸಿಕ್ಕಿಕೊಂಡು ಅವನು ಬಗ್ಗಿಯೇ ನಿಲ್ಲಬೇಕಾಯಿತು. ನಾನು ಬಿಡಿಸಲು ಹೋಗಲಿಲ್ಲ.

ಉಳಿದ ಬುತ್ತಿಯನ್ನು ಹಂಚುವುದು ಪದ್ಧತಿ. ಅತ್ತೆ ಕೈಚೀಲದಿಂದ ಡಬ್ಬಿ ತೆಗೆದು ಕಾವಲಿನವನಿಗೆ ಒಂದು ಹೋಳಿಗೆ ಕೊಟ್ಟಳು, ಡ್ರೈವರನಿಗೆ ಎರಡು, ಮೇಲಧಿಕಾರಿಗಳಿಗೆ ಬೀಗರ ಹಾಗೆ ಕರೆದು ಕೊಟ್ಟಳು. ಟೈಯವನೂ ಅಲ್ಲೇ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಡಬ್ಬಿಯಲ್ಲಿ ಇನ್ನೂ ನಾಲ್ಕಾರು ಹೋಳಿಗೆಗಳಿದ್ದವು. ಪಾಪವೆಂದು ಕಾವಲಿನವನು, “ಅವ್ರಿಗೂ ಒಂದು ಕೊಡ್ರಿ ಅಮ್ಮ” ಎಂದ.

ಅತ್ತೆ ಡಬ್ಬಿಯ ಮುಚ್ಚಳ ಹಾಕಿದಳು.

“ಬ್ಯಾಡಪಾ. ತೂಕ ಜಾಸ್ತಿ ಆದೀತು.”